ಬೀಡಿ ಕಟ್ಟುತ್ತಾ ಸೀರಿಯಲ್ ನೋಡಿದರೆ ಅದು ಬಿಡುವಾ, ಕೆಲಸವಾ?

ಭಾರತದ ಗಂಡಸರು ಮನರಂಜನೆ, ಟಿವಿ–ಮೊಬೈಲು, ಸಾಂಸ್ಕೃತಿಕ ಚಟುವಟಿಕೆ, ಆಟೋಟಗಳಲ್ಲಿ ದಿನಕ್ಕೆ 177 ನಿಮಿಷ ಕಳೆಯುತ್ತಾರೆ, ಹೆಂಗಸರು 164 ನಿಮಿಷ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಲೆಕ್ಕ ಇದು. ವ್ಯತ್ಯಾಸ ಬರೀ 13 ನಿಮಿಷ. ಇಷ್ಟೇ ಓದಿದರೆ ಬಿಡುವಿನ ವಿಷಯದಲ್ಲಿ ನಮ್ಮಲ್ಲಿ ಸಮಾನತೆ ಬಂದೇ ಬಿಟ್ಟಿದೆ ಅನ್ನಿಸುತ್ತೆ.

ಅದೇ ಸಮೀಕ್ಷೆಯ ಇನ್ನೊಂದು ಸಾಲು ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಡುವುದು 289 ನಿಮಿಷ, ಗಂಡಸರು 88. ಎರಡೂ ಆಯಾ ಕೆಲಸವನ್ನು ಆ ದಿನ ಮಾಡಿದವರ ಸರಾಸರಿ. ಅಡುಗೆಮನೆಯಲ್ಲಿ ಮೂರು ಗಂಟೆಗೂ ಹೆಚ್ಚು ಅಂತರ ಇರುವಾಗ ಬಿಡುವಿನಲ್ಲಿ ಕಾಲು ಗಂಟೆಯೂ ಅಂತರ ಇಲ್ಲವಾ? ಗಂಡಸರು ಹೊರಗಿನ ಸಂಬಳದ ಕೆಲಸದಲ್ಲಿ ಹೆಚ್ಚು ಹೊತ್ತು ಇರುತ್ತಾರೆ ಅನ್ನೋದು ಉತ್ತರದ ಒಂದು ಭಾಗ. ಆದ್ರೆ ಇಂಜಿನಿಯರಿಂಗ್ ಓದಿ ಬಂದ ನನಗೆ ಒಂದು ಕೆಟ್ಟ ಅಭ್ಯಾಸ: ರೀಡಿಂಗ್ ವಿಚಿತ್ರವಾಗಿ ಕಂಡರೆ ಮೊದಲು ಮೀಟರ್ ಮೇಲೆ ಅನುಮಾನ.

ಮೀಟರ್ ಹೀಗಿದೆ. ಆರು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರ ಒಂದು ದಿನವನ್ನು ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಯ ತುಂಡು ಮಾಡಿ, ಆ ಹೊತ್ತಲ್ಲಿ ಏನು ಮಾಡ್ತಿದ್ರಿ ಅಂತ ಕೇಳ್ತಾರೆ. ಇಡೀ ದೇಶಕ್ಕೆ ಇದು ಮೊದಲು ನಡೆದದ್ದು 2019ರಲ್ಲಿ. ಅದಕ್ಕೂ ಮುಂಚೆ 1998–99ರಲ್ಲಿ ಆರು ರಾಜ್ಯಗಳಲ್ಲಿ ಪ್ರಯೋಗ ಮಾಡಿದ್ದರು, ಕರ್ನಾಟಕ ಆ ಪಟ್ಟಿಯಲ್ಲಿ ಇರಲಿಲ್ಲ. ಒಂದೇ ಹೊತ್ತಲ್ಲಿ ಎರಡು ಕೆಲಸ ಮಾಡಿದ್ದರೆ ಬರೆದುಕೊಳ್ಳಲು ಅವಕಾಶ ಇದೆ. ಆದರೆ ಪೇಪರಿನ ಹೆಡ್‌ಲೈನ್‌ಗೆ ಬರುವುದು ಸರಾಸರಿ ನಿಮಿಷ ಮಾತ್ರ.

ಈಗ ಕಾರ್ಕಳ ಕಡೆಯ ಒಂದು ಹಳ್ಳಿಮನೆಗೆ ಮಧ್ಯಾಹ್ನ ಮೂರರ ಮೇಲೆ ಹೋಗೋಣ. ಟಿವಿಯಲ್ಲಿ ಸೀರಿಯಲ್ ನಡೀತಿದೆ. ಎದುರು ಕಾಲು ಚಾಚಿ ಕೂತ ಹೆಂಗಸಿನ ಮಡಿಲಲ್ಲಿ ತಡ್ಪೆ, ಅಂದರೆ ಮೊರ. ಅದರಲ್ಲಿ ನೆನೆಸಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಎಲೆ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಪಕ್ಕಕ್ಕೆ ಹಾಕುವುದಕ್ಕೆ ಕಣ್ಣು ಬೇಕಿಲ್ಲ, ಬೆರಳಿಗೆ ಗೊತ್ತು. ಆದರೂ ಕಣ್ಣು ತಡ್ಪೆಯ ಮೇಲೇ. ನಾನು ನೋಡಿದ ಮಟ್ಟಿಗೆ ಅವರು ಸೀರಿಯಲ್ ನೋಡುವುದಲ್ಲ, ಕೇಳುವುದು. ನಡುವೆ ಒಮ್ಮೆ ಎದ್ದು ಒಲೆ ನೋಡಬೇಕು, ಮಗು ಎದ್ದರೆ ಮಲಗಿಸಬೇಕು, ಮಳೆ ಹನಿದರೆ ಅಂಗಳದ ಬಟ್ಟೆ ತೆಗೆಯಬೇಕು. ಮತ್ತೆ ತಡ್ಪೆ. ದಿನಕ್ಕೆ ಐನೂರಕ್ಕೆ ನಿಲ್ಲಿಸುವವರೂ ಇದ್ದಾರೆ, ಸಾವಿರ ಮುಟ್ಟಿಸಿಯೇ ಏಳುವವರೂ ಇದ್ದಾರೆ. ಕಟ್ಟು ಮಾಡಿ ಬೀಡಿ ಬ್ರಾಂಚಿಗೆ ಕೊಟ್ಟರೆ ಅಲ್ಲಿ ಸರಿಯಿಲ್ಲದ್ದನ್ನು ಆರಿಸಿ ತೆಗೆಯುತ್ತಾರೆ. ಮಜೂರಿ ಸಾವಿರಕ್ಕೆ ಇಷ್ಟು ಅಂತ. ಗಂಟೆಗೆ ಅಲ್ಲ.

ಈ ಎರಡು ಗಂಟೆಯನ್ನು ನೀವು ಯಾವ ಕಾಲಮ್ಮಿಗೆ ಹಾಕ್ತೀರಿ?

ಸಂಶೋಧಕರಿಗೆ ಈ ಗೋಜಲು ಹೊಸದಲ್ಲ. ಮೈಕೆಲ್ ಬಿಟ್‌ಮನ್ ಮತ್ತು ಜೂಡಿ ವಾಜ್‌ಮನ್ 2000ದಲ್ಲಿ ‘ಸೋಶಿಯಲ್ ಫೋರ್ಸಸ್’ ಪತ್ರಿಕೆಯಲ್ಲಿ ಶ್ರೀಮಂತ ದೇಶಗಳ ಸಮಯದ ಲೆಕ್ಕವನ್ನು ಬಿಚ್ಚಿ ನೋಡಿದ್ದರು. ಅಲ್ಲೂ ಗಂಡು–ಹೆಣ್ಣಿನ ಬಿಡುವಿನ ಒಟ್ಟು ಮೊತ್ತ ಹೆಚ್ಚುಕಮ್ಮಿ ಒಂದೇ. ಬೇರೆ ಇದ್ದದ್ದು ಅದರ ಗುಣ. ಗಂಡಸರಿಗೆ ಸಿಗುವುದು ಹೆಚ್ಚಾಗಿ ಇಡಿಯಾದ, ಕಲಬೆರಕೆಯಿಲ್ಲದ ಬಿಡುವು. ಹೆಂಗಸರದ್ದು ಚೂರುಚೂರು, ಬೇರೆ ಕೆಲಸದ ಜೊತೆ ಬೆರೆತದ್ದು. ಅದಕ್ಕೂ ಮೊದಲು, 1977ರಲ್ಲಿ, ಕ್ಲೇರ್ ವಿಕರಿ ಅನ್ನುವ ಅರ್ಥಶಾಸ್ತ್ರಜ್ಞೆ ಬಡತನವನ್ನು ದುಡ್ಡಲ್ಲಿ ಮಾತ್ರ ಅಳೆಯಬೇಡಿ, ಸಮಯದಲ್ಲೂ ಅಳೆಯಿರಿ ಅಂದಿದ್ದರು. ಸಮಯದ ಬಡತನ ಅನ್ನುವ ಮಾತು ಚಾಲ್ತಿಗೆ ಬಂದದ್ದರಲ್ಲಿ ಆ ಲೇಖನದ ಪಾಲು ದೊಡ್ಡದು.

ನಮ್ಮಲ್ಲಿ ದುಡಿಮೆಯ ಅವಧಿಯ ಬಗ್ಗೆ ಗಲಾಟೆ ಆಗೋದೇ ಬೇರೆ ಜಾಗದಲ್ಲಿ. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿ ವಾರಕ್ಕೆ 70 ಗಂಟೆ ಅಂದರು, 2025ರ ಜನವರಿಯಲ್ಲಿ ಎಲ್ ಅಂಡ್ ಟಿಯ ಸುಬ್ರಹ್ಮಣ್ಯನ್ 90 ಅಂದರು, ಎಲ್ಲರೂ ಮೀಮ್ ಮಾಡಿದ್ವಿ. 2023ರಲ್ಲೇ ರಾಜ್ಯ ಸರ್ಕಾರ ಕಾರ್ಖಾನೆ ಕಾಯ್ದೆ ತಿದ್ದಿ, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತ್ತು. 2024ರಲ್ಲಿ ಐಟಿಯವರಿಗೆ 14 ಗಂಟೆಯ ಪ್ರಸ್ತಾಪ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಇಳಿಯಬೇಕಾದ್ದೇ. ವಾರಕ್ಕೆ 55 ಗಂಟೆ ಮೀರಿ ದುಡಿಯುವವರಿಗೆ 35–40 ಗಂಟೆಯವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲೇ ಹೇಳಿವೆ. ಆದರೆ ಈ ಜಗಳ ಪೂರ್ತಿ ನಡೆಯುವುದು ಗೇಟು, ಪಂಚಿಂಗ್ ಮಷೀನು ಇರುವ ಕಡೆ. ತಡ್ಪೆಗೆ ಗೇಟ್ ಇಲ್ಲ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಬಾರದು ಅಂದಿತ್ತು. ಆದರೆ ಅದು ಕೈಗಾರಿಕಾ ಆವರಣದೊಳಗೆ ಕೆಲಸ ಮಾಡುವವರಿಗೆ. ಈ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋದ ಕೇಸಿನ ಹೆಸರಲ್ಲೇ ನಮ್ಮೂರ ವಾಸನೆ ಇದೆ: ಮಂಗಳೂರು ಗಣೇಶ್ ಬೀಡಿ ವರ್ಕ್ಸ್, 1974. ಕಾಯ್ದೆ ಉಳಿಯಿತು. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ, ಅವರಿಗೂ ಪಿಎಫ್ ಸಲ್ಲಬೇಕು ಅಂತ 1985ರಲ್ಲಿ ಅದೇ ಕೋರ್ಟ್ ಇನ್ನೊಂದು ಕೇಸಲ್ಲಿ ಹೇಳಿತು. ಕರಾವಳಿಯ ಎಷ್ಟೋ ಮನೆಗಳಲ್ಲಿ ಮಗಳ ಮದುವೆ, ಮಗನ ಡಿಪ್ಲೊಮಾ ಆದದ್ದು ಆ ಪಿಎಫ್ ದುಡ್ಡಲ್ಲಿ. ಅಂದರೆ ಕಾನೂನು ಅವರ ದುಡ್ಡನ್ನು ಕಂಡಿದೆ, ಹೊತ್ತನ್ನು ಕಂಡಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿವೆ. ಅಲ್ಲಿಯ ಎಂಟು ಗಂಟೆಯ ಮಿತಿಯನ್ನು ಮನೆಯ ಜಗಲಿಯಲ್ಲಿ ಯಾರು ಎಣಿಸುತ್ತಾರೆ?

ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೆಯ ಹೆಜ್ಜೆ. ಆದರೆ ಸಾವಿರಕ್ಕಿಷ್ಟು ಅಂತ ದುಡಿಯುವವಳ ರಜೆಯ ದಿನದ ವೇತನ ಎಷ್ಟು? ಕಟ್ಟದ ಬೀಡಿಗೆ ಬ್ರಾಂಚಿನವರು ದುಡ್ಡು ಕೊಡುವ ರೂಢಿ ನಾನಂತೂ ಕೇಳಿಲ್ಲ.

ಕಾಪು, ಮಲ್ಪೆ ಕಡೆ ಕತೆ ತಿರುಗುಮುರುಗು. ಇಲ್ಲಿ ಸರ್ಕಾರವೇ ಕೆಲಸ ನಿಲ್ಲಿಸುತ್ತೆ. ಮೀನಿನ ಸಂತತಿ ಉಳಿಯಲಿ ಅಂತ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ಬೋಟು ದಡ ಸೇರುತ್ತೆ, ಹೊರರಾಜ್ಯದ ಹುಡುಗರು ಊರಿಗೆ ಹೋಗ್ತಾರೆ, ಇಲ್ಲಿನವರು ಬಲೆ ರಿಪೇರಿಗೆ ಕೂರ್ತಾರೆ. ನಾಡದೋಣಿಯವರು ಕಡಲಿನ ಮುಖ ನೋಡಿ ಇಳೀತಾರೆ. ನಿಷೇಧದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಎರಡು ತಿಂಗಳು ಪುರುಸೊತ್ತು ಅಂತ ಯಾರಾದ್ರೂ ಅಂದರೆ ಆ ಮಾತು ಚುಚ್ಚುತ್ತೆ. ಕೆಲಸವಿಲ್ಲದ ಕಾಲಕ್ಕೆ ಬಡ ಮೀನುಗಾರರಿಗೆಂದು ಇರುವ ಯೋಜನೆಯಲ್ಲಿ ಸಿಗುವುದು ಮೂರು ತಿಂಗಳಿಗೆ ಒಟ್ಟು 4,500 ರೂಪಾಯಿ. ಅದರಲ್ಲಿ 1,500 ಅವರೇ ಕೂಡಿಟ್ಟದ್ದು.

ದುಡಿಮೆ ನಿಂತ ಕೂಡಲೇ ಬಿಡುವು ಹುಟ್ಟುವುದಿಲ್ಲ ಅನ್ನುವುದನ್ನು ತೋರಿಸಿದ ಹಳೆಯ ಅಧ್ಯಯನ ಆಸ್ಟ್ರಿಯಾದ ಮರಿಯೆಂಟಾಲ್ ಊರಿನದ್ದು. ಊರಿಗೆಲ್ಲ ಅನ್ನ ಹಾಕುತ್ತಿದ್ದ ಜವಳಿ ಕಾರ್ಖಾನೆ ಮುಚ್ಚಿದ ಮೇಲೆ ಮೇರಿ ಯಾಹೋಡಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ, 1933ರಲ್ಲಿ ಪುಸ್ತಕ ತಂದರು. ಜನರ ಕೈಯಲ್ಲಿ ದಿನಪೂರ್ತಿ ಖಾಲಿ ಹೊತ್ತು. ಆದರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಮ್ಮಿಯಾಯಿತು. ಸಂಶೋಧಕರು ಬೀದಿಯಲ್ಲಿ ನಡಿಗೆಯ ವೇಗವನ್ನೂ ಅಳೆದರು. ಗಂಡಸರು ನಿಧಾನ, ಅಲ್ಲಲ್ಲಿ ನಿಲ್ಲುತ್ತಾರೆ. ಹೆಂಗಸರು ಬೇಗ ಬೇಗ, ಯಾಕೆಂದರೆ ಅವರ ಮನೆಗೆಲಸವನ್ನು ಯಾವ ಕಾರ್ಖಾನೆಯೂ ಮುಚ್ಚಿರಲಿಲ್ಲ. ಮಲ್ಪೆಯಲ್ಲೂ ಬೋಟು ನಿಂತಾಗ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿನ ಆದಾಯ ನಿಲ್ಲುತ್ತೆ, ಅಡುಗೆ ನಿಲ್ಲಲ್ಲ.

ಮಣಿಪಾಲದಲ್ಲಿ ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ಗೇಟಿನ ಹತ್ತಿರ ಬೈಕ್ ಮೇಲೆ ಕೂತು ಮೊಬೈಲ್ ನೋಡುವ ಡೆಲಿವರಿ ಹುಡುಗನೂ ಇದೇ ಪ್ರಶ್ನೆ. ಮುಂದಿನ ಆರ್ಡರಿಗೆ ಕಾಯುವ ಆ ಹೊತ್ತು ಯಾರದ್ದು? 2025ರಲ್ಲಿ ಬಂದ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕುತ್ತೆ. ಆರ್ಡರ್ ಇದ್ದರೆ ಶುಲ್ಕ. ಕಾಯುವುದು ವಹಿವಾಟಲ್ಲ.

ನೀತಿಯಿಂದ ಹೊತ್ತು ಉಳಿಸಲು ಆಗಲ್ವಾ? ಆಗುತ್ತೆ, ಅದೂ ದೊಡ್ಡ ಮಾತುಗಳಿಲ್ಲದೆ. ಡೇನಿಯಲ್ ಕಾನ್‌ಮನ್ ತಂಡ ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರಿಗೆ ಹಿಂದಿನ ದಿನವನ್ನು ತುಂಡುತುಂಡಾಗಿ ನೆನಪಿಸಿಕೊಳ್ಳಲು ಹೇಳಿ, 2004ರಲ್ಲಿ ಫಲಿತಾಂಶ ಪ್ರಕಟಿಸಿತು. ಇಡೀ ದಿನದಲ್ಲಿ ಮನಸ್ಸು ಅತಿ ಕುಗ್ಗುವ ಹೊತ್ತುಗಳಲ್ಲಿ ಕೆಲಸಕ್ಕೆ ಹೋಗಿಬರುವ ಪ್ರಯಾಣವೂ ಒಂದು. ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಆದರೆ ಉಡುಪಿ–ಕಾರ್ಕಳ, ಉಡುಪಿ–ಕಾಪು ದಾರಿಯಲ್ಲಿ ಕೈ ಅಡ್ಡ ಹಿಡಿದರೆ ನಿಲ್ಲುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕು. ಸರ್ಕಾರಿ ಬಸ್ಸಿಗೆ ಕಾಯುವವಳು ದುಡ್ಡಿನ ಬದಲು ಹೊತ್ತು ಕೊಡ್ತಾಳೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ಮೇಲೆ ಎಷ್ಟು ಮನೆಯಲ್ಲಿ ಐನೂರು ಬೀಡಿ ಕಮ್ಮಿ ಕಟ್ಟಿದರು, ಉಳಿದ ಹೊತ್ತಲ್ಲಿ ಏನು ಮಾಡಿದರು ಅನ್ನುವುದು ನನ್ನ ಪ್ರಕಾರ ಆ ಯೋಜನೆಯ ಬಗ್ಗೆ ಕೇಳಬೇಕಾದ ಅತಿ ಒಳ್ಳೆಯ ಪ್ರಶ್ನೆ.

ಉತ್ತರ ಈಗಿನ ಸಮೀಕ್ಷೆಯಲ್ಲಿ ಸಿಗಲ್ಲ. ಇಡೀ ದೇಶಕ್ಕೆ ಸುಮಾರು 1.39 ಲಕ್ಷ ಮನೆ ಅಂದರೆ ಸರಾಸರಿ ಒಂದು ಜಿಲ್ಲೆಗೆ 200 ಮನೆಯೂ ಬರುವುದಿಲ್ಲ. ಉಡುಪಿಯ ಬೀಡಿ ಮನೆ, ಮೀನಿನ ಮನೆ ಬೇರೆ ಬೇರೆಯಾಗಿ ಕಾಣುವುದು ದೂರದ ಮಾತು. ಕೇಂದ್ರದ ಹಲವು ಮಾದರಿ ಸಮೀಕ್ಷೆಗಳಿಗೆ ರಾಜ್ಯಗಳು ತಮ್ಮದೇ ಹೆಚ್ಚುವರಿ ಮಾದರಿ ಸೇರಿಸುವ ರೂಢಿ ಇದೆ. ಮುಂದಿನ ಸಲ ಕರ್ನಾಟಕ ಸಮಯದ ಸಮೀಕ್ಷೆಗೂ ಹಾಗೆ ಮಾಡಲಿ, ಜೊತೆಗೆ ಒಂದು ಪ್ರಶ್ನೆ ಸೇರಿಸಲಿ: ಟಿವಿ ನೋಡುವಾಗ ನಿಮ್ಮ ಕೈಯಲ್ಲಿ ಏನಿತ್ತು?