ವಿಜಯನಗರದ ಪೇಟೆ: ಪ್ರವಾಸಿಗಳು ಕಂಡಂತೆ

ವಿಜಯನಗರದ ಬೀದಿಗಳಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂಬ ಮಾತನ್ನು ಊರಿನಲ್ಲಿ ಶಾಲೆ ಕಲಿತ ನಾವೆಲ್ಲ ಕೇಳಿದ್ದೇವೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೂ ಅದನ್ನೇ ಹೇಳುತ್ತೇವೆ. "ಅದನ್ನು ನೋಡಿದವರು ಯಾರು?" ಎಂದು ಅವರು ಕೇಳಿದರೆ ಏನು ಹೇಳಬೇಕು? ಆ ಪೇಟೆಯನ್ನು ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ಹೆಚ್ಚಿನವರು ಹೊರದೇಶದವರು. ಅವರು ಬರೆದದ್ದು ಸೇರಿನ ಕಥೆಗಿಂತ ಸ್ವಾರಸ್ಯವಾಗಿದೆ.

1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ಹೆರಾತಿನ ಸುಲ್ತಾನ ಶಾರುಖನ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆ, ಮಂಗಳೂರುಗಳ ಮೂಲಕ ವಿಜಯನಗರಕ್ಕೆ ಬಂದ. ಒಂದೊಂದು ಕಸುಬಿನವರ ಅಂಗಡಿಗಳೂ ಒಂದರ ಪಕ್ಕ ಒಂದು ಇದ್ದವೆಂದೂ, ರತ್ನಪಡಿ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದೂ ಆತ ಬರೆದಿದ್ದಾನೆ. ಅವನಿಗೆ ಅಷ್ಟೇ ಸೋಜಿಗ ತಂದದ್ದು ಗುಲಾಬಿ ಹೂವು. ಈ ಊರಿನವರಿಗೆ ಊಟದಷ್ಟೇ ಗುಲಾಬಿಯೂ ಬೇಕು ಎನ್ನುತ್ತಾನೆ. ಅರಮನೆಯಲ್ಲಿ ಕರ್ಪೂರದೊಡನೆ ತಾಂಬೂಲ ಕೊಟ್ಟು ಮರ್ಯಾದೆ ಮಾಡಿದ್ದನ್ನೂ ಮರೆಯದೆ ಬರೆದ. ಆತ ಬರುವುದಕ್ಕೆ ಹದಿನೇಳು ವರ್ಷ ಮೊದಲು, 1426ರಲ್ಲಿ, ಅದೇ ದೇವರಾಯ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಶಾಸನದಲ್ಲಿ ಎಲೆಅಡಿಕೆ ಪೇಟೆಯ ಹೆಸರೇ ಇದೆ. ಅದೇ ಇಂದಿನ ಪಾನ್ ಸುಪಾರಿ ಬಜಾರು.

ಸುಮಾರು 1520ರಲ್ಲಿ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಬಂದ. ಊರು ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತಂತೆ. ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ ಎಲ್ಲಕ್ಕೂ ಸಮೃದ್ಧಿ. ಬೀದಿಗಳಲ್ಲಿ ಹೇರೆತ್ತುಗಳ ಸಾಲು ಎಷ್ಟೆಂದರೆ, ಅವು ದಾಟುವ ತನಕ ನಿಲ್ಲಬೇಕು, ಇಲ್ಲವೇ ಬೇರೆ ದಾರಿ ಹಿಡಿಯಬೇಕು! ಸಂಜೆಯ ಸಂತೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ, ತರಕಾರಿ, ಸೌದೆ, ಸಾಮಾನ್ಯ ಕುದುರೆಗಳು ಎಲ್ಲವೂ ಮಾರಾಟಕ್ಕೆ. ವ್ಯಾಪಾರದ ಸೆಳೆತದಿಂದ ನಾನಾ ದೇಶಗಳ ಜನ ಅಲ್ಲಿದ್ದರು. ಯಾರು ಬೇಕಾದರೂ ಬಂದು ತಮ್ಮ ಧರ್ಮದಂತೆ ಬಾಳಬಹುದಿತ್ತು, ಯಾವ ಮತವೆಂದು ಕೇಳುವವರಿರಲಿಲ್ಲ ಎಂದು ಅದೇ ಕಾಲದ ಬಾರ್ಬೊಸಾ ಬರೆದಿದ್ದಾನೆ.

ಇಂಥ ಪೇಟೆ ಹೇಗೆ ಬೆಳೆಯಿತು? ಸುಮಾರು 1535ರಲ್ಲಿ ಅಲ್ಲಿದ್ದ ಕುದುರೆ ವ್ಯಾಪಾರಿ ನೂನಿಜ್ ಹೇಳುವ ಒಂದು ಸಂಗತಿ ಇದಕ್ಕೆ ಉತ್ತರದಂತಿದೆ. ಸಾಳುವ ನರಸಿಂಹನ ಸೈನ್ಯಕ್ಕೆ ಕುದುರೆಗಳು ಸಮುದ್ರ ದಾಟಿ ಬರಬೇಕಿತ್ತು. ದಾರಿಯಲ್ಲಿ ಅನೇಕ ಕುದುರೆಗಳು ಸಾಯುತ್ತಿದ್ದವು. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ್ದ ಕುದುರೆಯ ಬೆಲೆಯನ್ನೇ ರಾಜ ಕೊಡುತ್ತಿದ್ದನಂತೆ. ವ್ಯಾಪಾರಿಯ ನಷ್ಟವನ್ನು ರಾಜ್ಯವೇ ಹೊತ್ತುಕೊಂಡಿತು. ಹಾಗಿದ್ದ ಮೇಲೆ ವ್ಯಾಪಾರಿಗಳು ಬಾರದೆ ಇರುತ್ತಾರೆಯೇ?

ಈಗ ಇನ್ನೊಂದು ಕುದುರೆಯ ಕಥೆ. 1565ರ ತಾಳಿಕೋಟೆ ಯುದ್ಧದ ನಂತರ ನಗರ ಸೂರೆಯಾಯಿತು. ಅಳಿಯ ರಾಮರಾಯನ ತಮ್ಮ ತಿರುಮಲರಾಯ ಅದನ್ನು ಮತ್ತೆ ನೆಲೆಗೊಳಿಸಲು ನೋಡಿದ. 1567ರಲ್ಲಿ ಏಳು ತಿಂಗಳು ಅಲ್ಲಿದ್ದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಹೇಳುವಂತೆ, ಒಳ್ಳೆಯ ಬೆಲೆ ಕೊಡುವೆನೆಂದು ತಿರುಮಲರಾಯ ಕುದುರೆ ವ್ಯಾಪಾರಿಗಳನ್ನು ಕರೆಸಿದ. ಅವರು ತಂದ ಕುದುರೆಗಳನ್ನು ಇಟ್ಟುಕೊಂಡು ಬಿಡಿಕಾಸೂ ಕೊಡದೆ ಕಳಿಸಿಬಿಟ್ಟ. ರಾಜಧಾನಿ ಪೆನುಕೊಂಡೆಗೆ ಹೋಯಿತು. ಹಂಪೆಯಲ್ಲಿ ಮನೆಗಳು ಇನ್ನೂ ನಿಂತಿದ್ದವು, ಆದರೆ ಒಳಗಿದ್ದವು ಕಾಡುಮೃಗಗಳು ಎಂದು ಆತ ಬರೆದಿದ್ದಾನೆ.

ಹಾಳು ಹಂಪೆಯ ದುಃಖವನ್ನೆಲ್ಲ ನಾವು ತಾಳಿಕೋಟೆಯ ಲೆಕ್ಕಕ್ಕೇ ಬರೆಯುತ್ತೇವೆ. ಸೂರೆ ದೊಡ್ಡ ಕಾರಣವೇ ಸರಿ. ಆದರೆ ಸೂರೆಯಾದ ಎಷ್ಟೋ ನಗರಗಳು ಚೇತರಿಸಿಕೊಂಡಿವೆ. ಕೊಟ್ಟ ಮಾತು ಉಳಿಯದ ಕಡೆಗೆ ಮಾತ್ರ ವ್ಯಾಪಾರಿ ಎರಡನೆಯ ಸಲ ಬರುವುದಿಲ್ಲ. ಹೊರದೇಶದಲ್ಲಿ ನಂಬಿಕೆಯ ಮೇಲೆಯೇ ಬದುಕು ಕಟ್ಟಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಂಪೆ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಎದ್ದಿದ್ದ ಮನೆ, ಅಂಗಡಿಗಳನ್ನು ಸ್ಮಾರಕ ರಕ್ಷಣೆಗಾಗಿ ತೆರವು ಮಾಡಿದರು. ಕಲ್ಲುಗಳು ಉಳಿಯಬೇಕು, ನಿಜ. ಆದರೆ ಪಯಸ್ ಮೆಚ್ಚಿದ್ದು ಬರಿಯ ಕಲ್ಲುಗಳನ್ನಲ್ಲ. ಎಬ್ಬಿಸಿದವರಿಗೆ ನೆಲೆ, ವ್ಯಾಪಾರ ಎರಡನ್ನೂ ಒದಗಿಸುವುದು ಆ ರಕ್ಷಣೆಯ ಭಾಗವೇ ಎಂದು ನಮ್ಮ ಅನಿಸಿಕೆ.

ರಜೆಯಲ್ಲಿ ಊರಿಗೆ ಹೋಗುವ ಬಂಧುಗಳು ಮಕ್ಕಳಿಗೆ ಕಲ್ಲಿನ ರಥವನ್ನಷ್ಟೇ ತೋರಿಸಿ ಹೊರಟುಬಿಡಬೇಡಿ. ವಿಠ್ಠಲ ಬಜಾರು, ಕೃಷ್ಣ ಬಜಾರು, ಪಾನ್ ಸುಪಾರಿ ಬಜಾರುಗಳಲ್ಲಿ ನಿಧಾನವಾಗಿ ನಡೆಸಿಕೊಂಡು ಹೋಗಿ. ಕುದುರೆಯ ಬಾಲದ ಕಥೆಯನ್ನು ಅಲ್ಲಿಯೇ ಹೇಳಿ.