ಬಿಸಿಲು ಮತ್ತು ಚಳಿಯ ದಾಖಲೆಗಳು: ಅಂಕಿಗಳ ಹಿಂದಿನ ಚರಿತ್ರೆ

ಬೇಸಿಗೆ ಬಂತೆಂದರೆ "ಇಂತಹ ಬಿಸಿಲನ್ನು ಹಿಂದೆಂದೂ ಕಂಡಿರಲಿಲ್ಲ" ಎಂಬ ಮಾತು ಪ್ರತಿ ವರ್ಷವೂ ಕೇಳಿಬರುತ್ತದೆ. ಚಳಿಗಾಲದಲ್ಲಿ ಚಳಿಯ ಬಗ್ಗೆಯೂ ಇದೇ ಮಾತು. ಈ ಮಾತು ಎಷ್ಟರಮಟ್ಟಿಗೆ ನಿಜ ಎಂದು ಹೇಳಬೇಕಾದರೆ ನೆನಪು ಸಾಲದು, ಹಿಂದಿನ ವರ್ಷಗಳ ಲೆಕ್ಕ ಬೇಕು. ಆ ಲೆಕ್ಕ ನಮ್ಮ ದೇಶದಲ್ಲಿ ಹೇಗೆ ಬೆಳೆದು ಬಂತು, ಅದು ನಮಗೆ ಏಕೆ ಬೇಕು ಎಂಬುದನ್ನು ಇಲ್ಲಿ ಸಂಕ್ಷಿಪ್ತವಾಗಿ ನೋಡೋಣ.

ಥರ್ಮಾಮೀಟರ್ ಬರುವುದಕ್ಕೆ ಮೊದಲು ಜನ ಬಿಸಿಲನ್ನು ಮಾತಿನಲ್ಲೇ ಅಳೆಯುತ್ತಿದ್ದರು. 1526ರಲ್ಲಿ ಪಾಣಿಪತ್ ಯುದ್ಧ ಗೆದ್ದು ಆಗ್ರಾ ಸೇರಿದ ಬಾಬರ್, ಆ ವರ್ಷದ ಭಯಂಕರ ಬೇಸಿಗೆಯನ್ನೂ ಬಿಸಿಗಾಳಿಗೆ ಜನ ಸತ್ತದ್ದನ್ನೂ ತನ್ನ ಆತ್ಮಕಥೆ 'ಬಾಬರ್‌ನಾಮಾ'ದಲ್ಲಿ ಬರೆದಿದ್ದಾನೆ. ಸೆಕೆ ತಾಳಲಾರದೆ ಅವನ ಸರದಾರರು ಕಾಬೂಲಿಗೆ ಮರಳೋಣ ಎಂದು ಹಟ ಹಿಡಿದರು. ಚರಿತ್ರೆಗೆ ಇದು ಅಮೂಲ್ಯವಾದ ಸಾಕ್ಷ್ಯ. ಆದರೆ ಆ ವರ್ಷದ ಆಗ್ರಾವನ್ನು ಇಂದಿನ ಆಗ್ರಾದೊಡನೆ ಹೋಲಿಸಲು ಇದರಿಂದ ಆಗುವುದಿಲ್ಲ. ಏಕೆಂದರೆ ಇದರಲ್ಲಿ ಅಂಕಿಯಿಲ್ಲ.

ಅಂಕಿ ಬಂದದ್ದು 18ನೇ ಶತಮಾನದಲ್ಲಿ. 1714ರಲ್ಲಿ ಫ್ಯಾರನ್‌ಹೀಟ್ ಪಾದರಸದ ಥರ್ಮಾಮೀಟರನ್ನು ರೂಪಿಸಿದರು. 1742ರಲ್ಲಿ ಸೆಲ್ಸಿಯಸ್ ನೂರು ಡಿಗ್ರಿಗಳ ಅಳತೆಯನ್ನು ಸೂಚಿಸಿದರು. ಆದರೆ ಅಳೆಯುವ ಸಲಕರಣೆ ಇದ್ದರೆ ಸಾಲದು, ಅಳೆಯುವ ಕ್ರಮವೂ ಒಂದೇ ಆಗಿರಬೇಕು. ಬಿಸಿಲಿನಲ್ಲಿಟ್ಟ ಥರ್ಮಾಮೀಟರ್ ತಾನೇ ಕಾಯುತ್ತದೆ, ಗಾಳಿಯ ಶಾಖವನ್ನು ಸರಿಯಾಗಿ ತೋರಿಸುವುದಿಲ್ಲ. ಆದ್ದರಿಂದ ಬಿಳಿ ಬಣ್ಣ ಬಳಿದು, ಗಾಳಿಯಾಡಲು ಸುತ್ತಲೂ ಸಂದುಬಿಟ್ಟ ಮರದ ಪೆಟ್ಟಿಗೆಯನ್ನು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ನಿಲ್ಲಿಸಿ, ಅದರೊಳಗೆ ಥರ್ಮಾಮೀಟರ್ ಇಡುವ ಪದ್ಧತಿ ಬಂತು. ಇದನ್ನು ರೂಪಿಸಿದ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ ಅವರ ಹೆಸರೇ ಅದಕ್ಕೆ ನಿಂತಿದೆ.

ನಮ್ಮ ದೇಶದಲ್ಲಿ 1864ರಲ್ಲಿ ಕಲ್ಕತ್ತೆಗೆ ದೊಡ್ಡ ಚಂಡಮಾರುತ ಬಡಿಯಿತು. 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಈ ಸಂಕಟಗಳ ನಂತರ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥರು ಎಚ್. ಎಫ್. ಬ್ಲಾನ್‌ಫೋರ್ಡ್. ಬೇರೆ ಬೇರೆ ಊರುಗಳ ಅಳತೆಗಳನ್ನು ಒಂದೇ ಕ್ರಮಕ್ಕೆ ತರುವ ಕೆಲಸ ಅಲ್ಲಿಂದ ಮುಂದುವರಿಯಿತು.

ಹೀಗೆ ಕೂಡಿಬಂದ ದಾಖಲೆಗಳು ದೇಶದ ಭೂಗೋಳವನ್ನೇ ನಮ್ಮ ಕಣ್ಣ ಮುಂದೆ ಇಡುತ್ತವೆ. ದೇಶದ ಅತ್ಯಧಿಕ ಉಷ್ಣಾಂಶ ಥಾರ್ ಮರುಭೂಮಿಯ ಸೀಮೆಯದು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದಕ್ಕೆ ಮೊದಲು ಅರುವತ್ತು ವರ್ಷ ಕಾಲ ಅದೇ ರಾಜ್ಯದ ಅಲ್ವರಿನ 50.6 ಡಿಗ್ರಿಯೇ (ಮೇ 10, 1956) ದಾಖಲೆಯಾಗಿತ್ತು. ಒಣ ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಮುದ್ರದಿಂದ ದೂರವಿರುವ ಬಯಲುಸೀಮೆಯ ದೆಹಲಿಯಲ್ಲಿ 1935ರ ಜನವರಿ 16ರಂದು ಉಷ್ಣಾಂಶ ಸೊನ್ನೆಗಿಂತ 0.6 ಡಿಗ್ರಿ ಕೆಳಗಿಳಿದಿತ್ತು. ಸಮುದ್ರದ ದಡದ ಮುಂಬಯಿಯಲ್ಲಾದರೋ 1962ರ ಜನವರಿಯ 7.4 ಡಿಗ್ರಿಯೇ ಅತಿ ಕಡಿಮೆ. ಸಮುದ್ರ ನಿಧಾನವಾಗಿ ಕಾದು ನಿಧಾನವಾಗಿ ಆರುವುದೇ ಇದಕ್ಕೆ ಕಾರಣ. ಆದರೂ ಸಮುದ್ರದ ಗಾಳಿ ತಡವಾಗಿ ಬೀಸಿದ ದಿನ ಕರಾವಳಿಯೂ ಉರಿಯುತ್ತದೆ. ಚೆನ್ನೈಯಲ್ಲಿ 2003ರ ಮೇ 31ರಂದು 45 ಡಿಗ್ರಿ ಮುಟ್ಟಿತ್ತು. ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ 1884ರ ಜನವರಿ 13ರ 7.8 ಡಿಗ್ರಿ ಅತಿ ಕಡಿಮೆ, 2016ರ ಏಪ್ರಿಲ್ 24ರ 39.2 ಡಿಗ್ರಿ ಅತಿ ಹೆಚ್ಚು.

ಆದರೆ ಕಿವಿಗೆ ಬಿದ್ದ ಅಂಕಿಗಳೆಲ್ಲ ದಾಖಲೆಯಾಗುವುದಿಲ್ಲ. ಕಾರ್ಗಿಲ್ ಜಿಲ್ಲೆಯ ದ್ರಾಸ್‌ನಲ್ಲಿ 1995ರಲ್ಲಿ ಉಷ್ಣಾಂಶ ಸೊನ್ನೆಗಿಂತ 60 ಡಿಗ್ರಿ ಕೆಳಗಿಳಿದಿತ್ತು ಎಂದು ಅನೇಕ ಕಡೆ ಬರೆಯುತ್ತಾರೆ. ಪಾದರಸವು ಸೊನ್ನೆಗಿಂತ ಸುಮಾರು 39 ಡಿಗ್ರಿ ಕೆಳಗೆ ಗಟ್ಟಿಯಾಗಿಬಿಡುತ್ತದೆ. ಹಾಗಾದರೆ ಆ ದಿನ ಅಳೆದ ಸಲಕರಣೆ ಯಾವುದು, ಓದಿದವರು ಯಾರು ಎಂದು ಕೇಳುವುದು ವಿದ್ಯಾರ್ಥಿಯ ಧರ್ಮ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿದಾಗ ದೇಶದ ದಾಖಲೆ ಮುರಿಯಿತೆಂದು ಸುದ್ದಿಯಾಯಿತು. ಇಲಾಖೆ ಪರೀಕ್ಷಿಸಿದಾಗ ಆ ಯಂತ್ರ ಸುಮಾರು 3 ಡಿಗ್ರಿ ಹೆಚ್ಚಾಗಿ ತೋರಿಸುತ್ತಿತ್ತೆಂದು ತಿಳಿದುಬಂತು.

ಇಂತಹ ತಪ್ಪು ಹೊರದೇಶಗಳಲ್ಲೂ ಆಗಿದೆ. ಲಿಬಿಯಾದ ಅಲ್ ಅಜೀಜಿಯಾದಲ್ಲಿ 1922ರ ಸೆಪ್ಟೆಂಬರ್ 13ರಂದು ಬರೆದಿಟ್ಟ 58 ಡಿಗ್ರಿಯನ್ನು ತೊಂಬತ್ತು ವರ್ಷ ಜಗತ್ತಿನ ದಾಖಲೆಯೆಂದು ಮಕ್ಕಳಿಗೆ ಕಲಿಸಲಾಯಿತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ರದ್ದುಪಡಿಸಿತು. ಅನುಭವವಿಲ್ಲದ ಒಬ್ಬ ವೀಕ್ಷಕ ಥರ್ಮಾಮೀಟರನ್ನು ತಪ್ಪಾಗಿ ಓದಿದ್ದಿರಬೇಕು ಎಂಬುದು ತಜ್ಞರ ತೀರ್ಮಾನ. ಈ ಪರಿಶೀಲನೆಯಲ್ಲಿ ಲಿಬಿಯಾದ ವಿಜ್ಞಾನಿಯೇ ಭಾಗವಹಿಸಿದ್ದರು. ತಮ್ಮ ದೇಶದ ಹೆಸರಿನಲ್ಲಿದ್ದ ದಾಖಲೆಗಿಂತ ಸತ್ಯ ದೊಡ್ಡದೆಂದು ಅವರು ನಡೆದುಕೊಂಡದ್ದು ಮೆಚ್ಚತಕ್ಕದ್ದು.

ನಂಬಬಹುದಾದ ಅಳತೆಗೆ ನಂಬಬಹುದಾದ ಸಲಕರಣೆ ಬೇಕು. ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ನೆನಪಿಡಬೇಕಾದ ಹೆಸರು ಅನ್ನಾ ಮಣಿ. 1918ರಲ್ಲಿ ತಿರುವಾಂಕೂರಿನಲ್ಲಿ ಹುಟ್ಟಿದ ಇವರು ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಎದೆಗುಂದದೆ ಇಂಗ್ಲೆಂಡಿನಲ್ಲಿ ಹವಾಮಾನ ಉಪಕರಣಗಳ ಬಗ್ಗೆ ತರಬೇತಿ ಪಡೆದು 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಪ್ರಮಾಣಕ್ಕೆ ತಂದು, ಅವು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆ ಅಳತೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಎಂಬುದು ಅವರ ನಂಬಿಕೆಯಾಗಿತ್ತು.

ಇದೆಲ್ಲ ಬರೀ ಸಾಮಾನ್ಯ ಜ್ಞಾನದ ಪರೀಕ್ಷೆಗೆ ಎಂದು ತಿಳಿಯಬಾರದು. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ದಾಟಿ, ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದಾಗ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಡುತ್ತದೆ. ಆ 'ವಾಡಿಕೆ' ಎಂಬುದು ಮೂವತ್ತು ವರ್ಷಗಳ ಅಳತೆಯ ಸರಾಸರಿ. ಹಳೆಯ ಪುಸ್ತಕ ಇಲ್ಲವಾದರೆ ಇಂದಿನ ಎಚ್ಚರಿಕೆಯೂ ಇಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿದಾಗ, ಆ ತಿಂಗಳು ವಾಡಿಕೆಗಿಂತ 1,344 ಹೆಚ್ಚು ಸಾವುಗಳಾದವೆಂದು ನಂತರದ ಅಧ್ಯಯನ ತೋರಿಸಿತು. ಉಷ್ಣಾಂಶದ ಲೆಕ್ಕ ಮತ್ತು ಸಾವಿನ ಲೆಕ್ಕ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದರಿಂದಲೇ ಈ ಸತ್ಯ ಹೊರಬಂತು. 2013ರಲ್ಲಿ ಆ ನಗರ ಬಿಸಿಲಿನಿಂದ ಜನರನ್ನು ಕಾಪಾಡುವ ಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಇಂತಹ ಯೋಜನೆ ಅದೇ ಮೊದಲು. ಮುಂದೆ ಅನೇಕ ನಗರಗಳು ಅದನ್ನು ಅನುಸರಿಸಿದವು.

ಬಿಸಿಲು ಎಲ್ಲರ ಮೇಲೂ ಒಂದೇ ಸಮನೆ ಬೀಳುವುದಿಲ್ಲ. ತಗಡಿನ ಮನೆಯಲ್ಲಿರುವವರು, ತಳ್ಳುಗಾಡಿಯವರು, ಕಟ್ಟಡದ ಕೂಲಿಗಳು ಮೊದಲು ಬಲಿಯಾಗುತ್ತಾರೆ. ಎಲ್ಲೋ ಒಂದು ಕೇಂದ್ರದಲ್ಲಿ ಪ್ರತಿದಿನ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ತೆರೆದು, ಕಂಡದ್ದನ್ನು ಕಂಡಂತೆ ಬರೆದ ಹೆಸರಿಲ್ಲದ ವೀಕ್ಷಕರು ಇಂತಹ ಜನರ ಪ್ರಾಣ ಉಳಿಸಲು ನೆರವಾಗಿದ್ದಾರೆ. ನಮ್ಮ ಶಾಲೆಗಳಲ್ಲಿಯೂ ನೆರಳಿನಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ, ಮಕ್ಕಳ ಕೈಯಲ್ಲಿ ದಿನವೂ ಬರೆಸುವುದು ಕಷ್ಟದ ಕೆಲಸವಲ್ಲ. ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಬರೆಯುವ ಆ ಅಭ್ಯಾಸ ಅವರ ಜೀವನದಲ್ಲಿಯೂ ಉಪಯೋಗಕ್ಕೆ ಬರುತ್ತದೆ.