ಸೌಂದರ್ಯ ಶಾಲೆ ಮುಚ್ಚಿದಾಗ ವಿದ್ಯಾರ್ಥಿಗಳ ರಕ್ಷಣೆ (ಅಮೆರಿಕ)

ಖಾಸಗಿ ಸೌಂದರ್ಯ ತರಬೇತಿ ಶಾಲೆ ಕೋರ್ಸಿನ ನಡುವೆಯೇ ಬಾಗಿಲು ಹಾಕಿದರೆ ವಿದ್ಯಾರ್ಥಿಗಳ ಶುಲ್ಕ, ಸಾಲ ಮತ್ತು ಕಲಿತ ಗಂಟೆಗಳನ್ನು ಕಾಪಾಡುವ ವ್ಯವಸ್ಥೆ. ಇದರ ಅಗತ್ಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಮರಿನೆಲ್ಲೊ ಸ್ಕೂಲ್ಸ್ ಆಫ್ ಬ್ಯೂಟಿ ಪ್ರಕರಣ. ಅಮಾನ್ಯ ಹೈಸ್ಕೂಲ್ ಡಿಪ್ಲೊಮಾಗಳನ್ನು ತೋರಿಸಿ ಸರ್ಕಾರದ ನೆರವು ಪಡೆದ ಆರೋಪ ಹೊರಿಸಿ ಫೆಡರಲ್ ಶಿಕ್ಷಣ ಇಲಾಖೆ ಹಲವು ಶಾಖೆಗಳಿಗೆ ಹಣ ನಿಲ್ಲಿಸಿದ ಬೆನ್ನಿಗೇ, 2016ರ ಫೆಬ್ರುವರಿಯಲ್ಲಿ ಸಂಸ್ಥೆ ಏಕಾಏಕಿ ಮುಚ್ಚಿತು.

ಶಾಲೆ ಮುಚ್ಚಿದ ಹೊತ್ತಿಗೆ ಓದುತ್ತಿದ್ದು, ಕೋರ್ಸ್ ಮುಗಿಸಲಾಗದವರು ಫೆಡರಲ್ ಸಾಲಮನ್ನಾ ಕೋರಬಹುದು. ಕ್ಯಾಲಿಫೋರ್ನಿಯಾದಲ್ಲಿ ಶುಲ್ಕ ಮರುಪಾವತಿಗೆಂದೇ ರಾಜ್ಯದ ನಿಧಿಯಿದೆ. ಆದರೆ ಹಣಕ್ಕಿಂತ ಕಠಿಣವಾದದ್ದು ಗಂಟೆಗಳ ಪ್ರಶ್ನೆ. ಮರಿನೆಲ್ಲೊ ಮುಚ್ಚಿದಾಗ ಕ್ಯಾಲಿಫೋರ್ನಿಯಾದಲ್ಲಿ ಕಾಸ್ಮೆಟಾಲಜಿ ಲೈಸೆನ್ಸಿಗೆ 1,600 ಗಂಟೆಗಳ ತರಬೇತಿ ಬೇಕಿತ್ತು. 2022ರಿಂದ ಅದು 1,000. ತಿಂಗಳುಗಟ್ಟಲೆ ನಿಂತು ಕೂದಲು ಕತ್ತರಿಸಿ, ಬಣ್ಣ ಹಚ್ಚಿ ಗಳಿಸಿದ ಗಂಟೆಗಳಿಗೆ ಶಾಲೆಯ ದಾಖಲೆಯೇ ಸಾಕ್ಷಿ. ಅದು ಕೈಗೆ ಸಿಗದಿದ್ದರೆ ಬೇರೆ ಶಾಲೆಗೆ ಸೇರುವುದೂ ಪರೀಕ್ಷೆಗೆ ಕೂರುವುದೂ ಕಷ್ಟ. ಸಾಲಮನ್ನಾ ಈ ದುಡಿಮೆಯನ್ನು ಮರಳಿಸದು. ಹಾಗಾಗಿ ಹಾಜರಿ ದಾಖಲೆಗಳನ್ನು ಶಾಲೆ ಮುಚ್ಚುವ ಮೊದಲೇ ಸುರಕ್ಷಿತ ಕೈಗೆ ಒಪ್ಪಿಸುವುದು ರಕ್ಷಣೆಯ ಮೊದಲ ಹೆಜ್ಜೆಯಾಗಬೇಕು.

ಮರಿನೆಲ್ಲೊ ಪ್ರಕರಣದಲ್ಲಿ ದೊಡ್ಡ ಪರಿಹಾರ ತೀರಾ ತಡವಾಗಿ ಬಂತು: ಸುಮಾರು 28,000 ಮಂದಿಯ 23.8 ಕೋಟಿ ಡಾಲರ್ ಸಾಲವನ್ನು ಶಿಕ್ಷಣ ಇಲಾಖೆ ಮನ್ನಾ ಮಾಡಿದ್ದು 2022ರ ಏಪ್ರಿಲ್‌ನಲ್ಲಿ.